ಓದುಗರ ಸ್ಪಂದನ: ಅಮ್ಮನಿಗೆ ಹೇಳದೆ ಉಳಿದ ಖುಷಿಗಳು

ಕಳೆದ ಸಲ ತೀರ್ಥಹಳ್ಳಿ ಕಡೆಯ ಓದುಗಿಯೊಬ್ಬರು ಬರೆದ ಸಮಸ್ಯೆ ನಿಮಗೆ ನೆನಪಿರಬಹುದು. ಗಂಡನ ಕೆಲಸಕ್ಕೆಂದು ಪುಣೆಗೆ ಬಂದು ಸರಿಯಾಗಿ ಒಂದು ತಿಂಗಳು. ಮೂರನೇ ಕ್ಲಾಸಿನ ಮಗಳು, ಕೋಥರೂಡಿನಲ್ಲಿ ಬಾಡಿಗೆ ಮನೆ, ಇನ್ನೂ ಬಿಚ್ಚದ 11 ರಟ್ಟಿನ ಡಬ್ಬಿಗಳು. ಊರಲ್ಲಿ ಅಮ್ಮ ಒಬ್ಬರೇ. ಅವರು ಬರೆದಿದ್ದು ಹೀಗೆ:

"ನಾನು ಬೇಜಾರಲ್ಲೇ ಇದ್ದೇನೆ ಅಂತಲ್ಲ. ತೊಂದರೆ ಅದೇ. ದಿನಕ್ಕೊಂದಾದರೂ ಸಣ್ಣ ಖುಷಿ ಸಿಗುತ್ತದೆ. ಗ್ಯಾಸ್ ಬಂದ ದಿನ ಹಾಲು ಉಕ್ಕಿಸಿದ್ದು, ಅಡಿಗೆಮನೆ ಕಿಟಕಿಯಿಂದ ಕಾಣುವ ಗುಡ್ಡ ಎರಡೇ ಮಳೆಗೆ ಹಸಿರಾಗಿದ್ದು, ಮಗಳು ಶಾಲೆಯಿಂದ ಬಂದು ಮರಾಠಿಯಲ್ಲಿ ‘ಚಾಲೇಲ್’ (ನಡೆಯುತ್ತೆ) ಅಂದಿದ್ದು. ಆದರೆ ರಾತ್ರಿ ಅಮ್ಮನ ಫೋನ್ ಬಂದರೆ ಇದ್ಯಾವುದೂ ಬಾಯಿಗೆ ಬರಲ್ಲ. ನೀರು ಸರಿ ಇಲ್ಲ, ಮನೆ ಕತ್ತಲು, ಭಾಷೆ ಬರಲ್ಲ, ಇಷ್ಟೇ ಹೇಳುತ್ತೇನೆ. ಖುಷಿಯಾಗಿದ್ದೇನೆ ಅಂದರೆ ಇಷ್ಟು ಬೇಗ ಊರು ಮರೆತಳು ಅಂತ ಅಮ್ಮನಿಗೆ ಅನ್ನಿಸುತ್ತದೇನೋ ಅಂತ ಭಯ. ಗಂಡ ‘ಸುಮ್ನೆ ತಲೆ ಕೆಡಿಸ್ಕೋತೀಯ’ ಅಂತಾರೆ. ನಿಮಗ್ಯಾರಿಗಾದರೂ ಹೀಗಾಗಿತ್ತಾ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

* * *

ನಿಮ್ಮ ಪತ್ರ ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ, 9 ವರ್ಷದ ಹಿಂದೆ ಇದೇ ಪುಣೆಯಲ್ಲಿ, ಇದೇ ಜೂನ್ ತಿಂಗಳಲ್ಲಿ ನಾನೂ ಇದೇ ನಾಟಕ ಆಡಿದ್ದೆ.

ಬಂದು ಮೂರನೇ ವಾರ ಇರಬೇಕು. ಬೆಳಿಗ್ಗೆಯಿಂದ ಯಾಕೋ ಅಳು ಗಂಟಲಲ್ಲೇ ಕೂತಿತ್ತು. ಮನೆಯಲ್ಲಿ ಕೂತರೆ ಇನ್ನೂ ಜಾಸ್ತಿ ಆಗುತ್ತೆ ಅಂತ ಬಸ್ ಹತ್ತಿ ಮಂಡೈಗೆ ಹೋದೆ. ನೀವಿನ್ನೂ ನೋಡಿಲ್ಲದಿದ್ದರೆ ನೋಡಿ, 1886ರಲ್ಲಿ ಶುರುವಾದ ತರಕಾರಿ ಮಾರುಕಟ್ಟೆ, ನಡುವೆ ಎಂಟು ಮೂಲೆಯ ಗೋಪುರ, ಸುತ್ತ ಕಲ್ಲಿನ ಕಟ್ಟಡ, ಹೊರಗೆ ರಸ್ತೆವರೆಗೂ ಸೊಪ್ಪಿನ ರಾಶಿ. ಮಳೆ ಹನೀತಿತ್ತು. ಒಂದು ಮೂಲೆಯಲ್ಲಿ ಒದ್ದೆ ಗೋಣಿಚೀಲ ಹೊದ್ದು ಕೂತಿದ್ದ ಅಜ್ಜಿಯೊಬ್ಬಳು ನನ್ನನ್ನೇ ನೋಡಿ ಕೂಗಿದಳು, "ಅಳೂ... ಅಳೂ ಘ್ಯಾ, ತಾಈ, ಅಳೂ!"

ಮೊದಲೇ ಅಳು ತಡ್ಕೊಂಡು ಬಂದವಳು ನಾನು. ಗುರುತಿಲ್ಲದ ಊರಿನ ಗುರುತಿಲ್ಲದ ಅಜ್ಜಿ ನಡುಬೀದಿಯಲ್ಲಿ ನಿಲ್ಲಿಸಿ ಅಳು, ಅಳು ಅಂದರೆ ಏನಾಗಬೇಡ! ಕಣ್ಣಲ್ಲಿ ನೀರು ಬಂದೇ ಬಿಡ್ತು. ಮುಖ ಮುಚ್ಚಿಕೊಳ್ಳೋಣ ಅಂತ ಬಗ್ಗಿದೆ, ನೋಡಿದರೆ ಅವಳ ಮುಂದೆ ಇರೋದು ಕೆಸುವಿನ ಎಲೆ! ಆನೆ ಕಿವಿಯಷ್ಟಗಲದ್ದು, ಮೇಲೆ ಮಳೆ ಹನಿ ಪಾದರಸದ ಹಾಗೆ ಉರುಳ್ತಾ ಇದೆ. ಮರಾಠಿಯಲ್ಲಿ ಕೆಸುವಿಗೆ ಅಳೂ ಅಂತಾರೆ ಅಂತ ನನಗೇನು ಗೊತ್ತು.

"ವಡೀಚಾ ಕೀ ಭಾಜೀಚಾ?" ಅಂತ ಕೇಳಿದಳು. ಇಲ್ಲಿ ಕಪ್ಪು ದಂಟಿನ ಎಲೆ ಅಳೂವಡಿಗೆ, ಅಂದರೆ ಇವರ ಪತ್ರೊಡೆಗೆ, ಹಸಿರು ದಂಟಿನದ್ದು ಪಲ್ಯ ಸಾರಿಗೆ. ಅದೂ ಆಗ ಗೊತ್ತಿರಲಿಲ್ಲ. ಎಡಗೈ ಮೇಲೆ ಬಲಗೈಯಲ್ಲಿ ಹಿಟ್ಟು ಸವರಿ, ಎಲೆ ಮೇಲೆ ಎಲೆ ಇಟ್ಟು, ಸುರುಳಿ ಸುತ್ತಿ ತೋರಿಸಿದೆ. "ಹೋ ಹೋ, ವಡೀ!" ಅಂತ ನಕ್ಕಳು. ಹೋ ಅಂದರೆ ಹೋಗು ಅಂತಲ್ಲ, ಹೌದು ಅಂತ. ಇದನ್ನು ಕಲಿಯೋಕೆ ಇನ್ನೂ ಒಂದು ವಾರ ಬೇಕಾಯ್ತು, ಅಷ್ಟರಲ್ಲಿ ಎರಡು ಅಂಗಡಿಯಿಂದ ಸಿಟ್ಟು ಮಾಡಿಕೊಂಡು ವಾಪಸ್ ಬಂದಿದ್ದೆ.

ಅವತ್ತೇ ಮಿಕ್ಸಿ ಇದ್ದ ಡಬ್ಬಿ ಬಿಚ್ಚಿದೆ. ಮೂರು ವಾರದಿಂದ ಬಿಚ್ಚದೇ ಇದ್ದದ್ದು. ಅಕ್ಕಿ, ಒಣಮೆಣಸು, ಕೊತ್ತಂಬರಿ ಬೀಜ, ಕಾಯಿ, ಹುಣಸೆಹಣ್ಣು, ಬೆಲ್ಲ ಹಾಕಿ ರುಬ್ಬಿದೆ. ಇವರು ಕಡಲೆಹಿಟ್ಟು ಸವರುತ್ತಾರೆ, ಅದೂ ಚೆನ್ನಾಗೇ ಇರುತ್ತೆ, ಆದ್ರೆ ಪತ್ರೊಡೆ ಅಂದ್ರೆ ಅಕ್ಕಿನೇ ಸೈ. ನಮ್ಮ ಮರಕೆಸುವಿನ ರುಚಿ ಇದಕ್ಕಿಲ್ಲ, ಸ್ವಲ್ಪ ಗಂಟಲು ಕೆರೆಯುತ್ತೆ, ಹುಳಿ ಮುಂದು ಮಾಡಿದರೆ ಸರಿಹೋಗುತ್ತೆ. ಗಂಡ, ಪಕ್ಕದ ಮನೆ ಕಾಕೂ, ನಾನು, ಮೂವರೂ ನಿಂತೇ ತಿಂದು ಮುಗಿಸಿದೆವು, ಕುರ್ಚಿ ಇನ್ನೂ ಕಟ್ಟಿಟ್ಟಲ್ಲೇ ಇತ್ತಲ್ಲ.

ರಾತ್ರಿ ಅಮ್ಮ ಫೋನ್ ಮಾಡಿದಳು. ಬಾಯಲ್ಲಿ ಇನ್ನೂ ಪತ್ರೊಡೆ ವಾಸನೆ. ನಾನು ಹೇಳಿದ್ದೇನು ಗೊತ್ತಾ? "ಇಲ್ಲಿ ತರಕಾರಿ ಒಂದೂ ಚೆನ್ನಾಗಿರಲ್ಲಮ್ಮ."

ಇದನ್ನ ಅಮ್ಮನಿಗೆ ಹೇಳಿದ್ದು ಮೂರು ವರ್ಷ ಆದಮೇಲೆ, ಅದೂ ತಪ್ಪು ಒಪ್ಪಿಕೊಳ್ಳೋರ ಥರ ತಡವರಿಸಿಕೊಂಡು. ಅವಳು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಹುಳಿ ಎಷ್ಟು ಹಾಕಿದ್ದೆ?"

— ಸಾಗರದವಳು, ಈಗ ವಾರಜೆ, ಪುಣೆ

* * *

ಸಲಹೆ ಗಿಲಹೆ ಏನಿಲ್ಲ, ಒಂದು ಆಟ ಹೇಳಿಕೊಡ್ತೇನೆ. ನಿಮ್ಮ ಕೋಥರೂಡಿನ ಪಕ್ಕ ಚಾಂದನಿ ಚೌಕ ಇದೆಯಲ್ಲ, ಅಲ್ಲಿ ಹಾಯೋದು ಮುಂಬೈ–ಬೆಂಗಳೂರು ಹೆದ್ದಾರಿ. ಹುಬ್ಬಳ್ಳಿಯಿಂದ ನಾವು ಬಂದ ಹೊಸತರಲ್ಲಿ ನಾನು, ಮಗ ಸ್ಕೂಟರ್ ನಿಲ್ಲಿಸಿಕೊಂಡು ಕೆಎ ನಂಬರ್ ಪ್ಲೇಟ್ ಎಣಿಸುತ್ತಿದ್ದೆವು. ಬೆಳಗಾವಿಯ 22, ಚಿಕ್ಕೋಡಿಯ 23, ವಿಜಯಪುರದ 28 ಬಹಳ ಬರ್ತಾವೆ, ಅವಕ್ಕೆ ಒಂದೊಂದೇ ಮಾರ್ಕು. ನಮ್ಮ ಧಾರವಾಡ ಜಿಲ್ಲೆಯ 25ಕ್ಕೆ ಹತ್ತು. ಮಂಗಳೂರಿನ 19 ಕಂಡರೆ ಇಪ್ಪತ್ತು. ಶಿವಮೊಗ್ಗದ 14ಕ್ಕೆ ಎಷ್ಟು ಕೊಡಬೇಕು ಅನ್ನೋದನ್ನ ನಿಮ್ಮ ಮಗಳೇ ಹೇಳಲಿ.

ಇನ್ನೊಂದು. ಬೇಜಾರಾದ ದಿನ ಪುಣೆ ಸ್ಟೇಷನ್ನಿಗೆ ಹೋಗಿ. ದಾದರ್‌ನಿಂದ ಮೈಸೂರಿಗೆ ಹೋಗೋ ಗಾಡಿ ಇಲ್ಲಿ ನಿಲ್ಲುತ್ತದೆ. ಅದರ ಹೆಸರು ಶರಾವತಿ ಎಕ್ಸ್‌ಪ್ರೆಸ್. ನಿಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಹೊಳೆ, ಅದರ ಹೆಸರನ್ನ ಮರಾಠಿ, ಹಿಂದಿ, ಇಂಗ್ಲಿಷು ಮೂರರಲ್ಲೂ ಕೂಗಿ ಹೇಳ್ತಾರೆ. ಪ್ಲಾಟ್‌ಫಾರ್ಮ್ ಟಿಕೆಟ್ ದುಡ್ಡಿಗೆ ಮೋಸ ಇಲ್ಲ.

— ಹುಬ್ಬಳ್ಳಿಯ ಓದುಗ, ಧನಕವಡಿ

* * *

ನಾನು ನಿಮ್ಮ ಉಲ್ಟಾ. ನೀವು ಖುಷಿ ಮುಚ್ಚಿಡುತ್ತೀರಿ, ನಾನು ಕಷ್ಟ ಮುಚ್ಚಿಟ್ಟವಳು. ಎರಡೂ ಒಂದೇ ಥರದ ಸುಳ್ಳು ಅಂತ ಈಗ ಅನ್ನಿಸುತ್ತದೆ.

ಎಂಬತ್ತರ ದಶಕದ ಕೊನೆಗೆ ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದೆ. ಸದಾಶಿವ ಪೇಟೆಯ ಹಳೇ ವಾಡೆಯೊಂದರಲ್ಲಿ ಒಂದೂವರೆ ಖೋಲಿ. ಫೋನ್ ಅಂದರೆ ಎಸ್‌ಟಿಡಿ ಬೂತು, ಅದೂ ರಾತ್ರಿ ರೇಟು ಇಳಿದ ಮೇಲೆ ಸಾಲಿನಲ್ಲಿ ನಿಂತು, ಮೀಟರಿನ ಮೇಲೆ ಕಣ್ಣಿಟ್ಟುಕೊಂಡು ಮಾತಾಡಬೇಕು, ಆ ಕಡೆ ಪಕ್ಕದ ಮನೆಯವರು ಅವ್ವನ್ನ ಕರೆದುಕೊಂಡು ಬರೋದರೊಳಗೆ ಅರ್ಧ ದುಡ್ಡು ಹೋಗಿರುತ್ತಿತ್ತು. ಹಾಗಾಗಿ ವಾರಕ್ಕೊಂದು ಇನ್‌ಲ್ಯಾಂಡ್ ಪತ್ರ. ಅದರಲ್ಲಿ ನಾನು ಏನೇನು ಬರೆದೆ ಅಂತೀರಿ! ಮನೆಯೊಳಗೇ ನಳ ಅದ, ಕಿಡಕಿಯಿಂದ ಗಾಳಿ ಭರ್ ಅಂತ ಬರ್ತದ, ಮನೆ ಮಾಲೀಕರು ತಾಯಿ ಇದ್ದಂಗ ಇದ್ದಾರ. ನಿಜ ಏನಂದರೆ ನಳ ಅಂಗಳದಲ್ಲಿ, ಏಳು ಮನೆಗೆ ಒಂದೇ. ಕಿಟಕಿ ತೆಗೆದರೆ ಎದುರು ಗೋಡೆ. ಮಾಲೀಕಳ ವಿಷಯ ಬಿಡಿ, ಅವಳೂ ಈಗ ಇಲ್ಲ.

ಆರು ತಿಂಗಳಿಗೆ ಅವ್ವ ಹೇಳದೆ ಕೇಳದೆ ರಾತ್ರಿ ಗಾಡಿ ಹತ್ತಿ ಬಂದುಬಿಟ್ಟಳು. ಅಂಗಳದಲ್ಲಿ ಕೊಡ ಹಿಡಿದು ನಿಂತಿದ್ದೆ. ಗಂಟು ಕೆಳಗಿಡದೇ ನನ್ನನ್ನ, ನಳವನ್ನ, ನನ್ನ ಹಿಂದೆ ನಿಂತ ಐದು ಮಂದಿಯನ್ನ ನೋಡಿ ಅಂದಳು, "ಪತ್ರದಾಗ ನಳ ಒಳಗಿತ್ತಲ್ಲವಾ?"

ಇಷ್ಟರಲ್ಲಿ ಒಂದು ಖರೇ ಖುಷಿ ಇತ್ತು, ಅದನ್ನ ಮಾತ್ರ ನಾನು ಒಂದು ಪತ್ರದಲ್ಲೂ ಬರೆಯಲಿಲ್ಲ, ಅದು ಬರೆಯುವಂಥ ವಿಷಯ ಅಂತ ಅನ್ನಿಸಿರಲೇ ಇಲ್ಲ. ನಮ್ಮವರ ಹತ್ತಿರ ಒಂದು ಹಳೇ ಟ್ರಾನ್ಸಿಸ್ಟರ್ ಇತ್ತು. ಹಗಲು ಪುಣೆ ಸ್ಟೇಷನ್ ಬಿಟ್ಟರೆ ಏನೂ ಬರುತ್ತಿರಲಿಲ್ಲ. ರಾತ್ರಿ ಊಟ ಆದ ಮೇಲೆ ಅದನ್ನ ಕಿಟಕಿ ಸರಳಿಗೆ ತಾಗಿಸಿ ಇಟ್ಟು, ಕಡ್ಡಿಯನ್ನ ಕೂದಲೆಳೆಯಷ್ಟು ತಿರುಗಿಸಿದರೆ, ಸಿಳ್ಳೆ ಹೊಡೆಯೋ ಸದ್ದು, ಯಾವುದೋ ಊರಿನ ಸಮಾಚಾರ, ಅದರ ನಡುವೆ ಇದ್ದಕ್ಕಿದ್ದಂತೆ ಧಾರವಾಡ ಆಕಾಶವಾಣಿ. ಮೀಡಿಯಂ ವೇವ್ ಹಗಲಿಗಿಂತ ರಾತ್ರಿ ದೂರ ಹೋಗುತ್ತದೆ ಅಂತ ನಮ್ಮವರು ಹೇಳುತ್ತಿದ್ದರು. ನನಗೆ ಮಾತ್ರ ಅದು ಕತ್ತಲಾದ ಮೇಲೆ ಊರು ಎದ್ದು ನಡೆದುಕೊಂಡು ಬಂದಂಗ ಅನ್ನಿಸುತ್ತಿತ್ತು. ಎರಡು ನಿಮಿಷ ಇದ್ದು ಹೋಗಿಬಿಡುತ್ತಿತ್ತು. ಹೋದರೂ ಬೇಜಾರಿಲ್ಲ, ನಾಳೆ ಮತ್ತೆ ರಾತ್ರಿ ಆಗ್ತದಲ್ಲ.

ನಮ್ಮವರು ನನ್ನ ಸಮಾಧಾನಕ್ಕೆ ಇನ್ನೊಂದು ಹೇಳುತ್ತಿದ್ದರು, ಬೇಂದ್ರೆ ಅಜ್ಜ ಬಿಎ ಮಾಡಿದ್ದು ಇದೇ ಪುಣೆಯ ಫರ್ಗುಸನ್ ಕಾಲೇಜಿನಲ್ಲಿ, 1918ರಲ್ಲಿ. ಸಾಧನಕೇರಿಯವರೇ ಇಲ್ಲಿ ಬಂದು ಇದ್ದು ಹೋಗಿದ್ದಾರೆ, ನೀನ್ಯಾವ ದೊಡ್ಡಾಕಿ ಅಂತ. ಆ ರಸ್ತೆಗೆ ಹೋದಾಗೆಲ್ಲ ಅದು ನೆನಪಾಗಿ ಸ್ವಲ್ಪ ಸೊಕ್ಕು ಬರುತ್ತಿತ್ತು.

— ಅರವತ್ತು ದಾಟಿದವಳು, ಧಾರವಾಡ

* * *

ಎಲ್ಲರೂ ಅಮ್ಮನಿಗೆ ಹೇಳಿ, ಹೇಳಿ ಅಂತ ಬರೆದಿರ್ತಾರೆ. ನಾನು ಒಪ್ಪಲ್ಲ. ಎಲ್ಲ ಖುಷಿಯನ್ನೂ ಯಾಕೆ ಹೇಳಬೇಕು?

ನಾನು ಕುಂದಾಪುರದವನು. ಎರಡು ವರ್ಷದ ಹಿಂದೆ ಕೆಲಸಕ್ಕೆ ಚೆನ್ನೈಗೆ ಬಂದೆ. ಮೊದಲ ತಿಂಗಳು ಸೆಕೆ, ಭಾಷೆ, ಊಟ, ಎಲ್ಲ ಕಷ್ಟ. ಒಂದು ದಿನ ನಿದ್ದೆ ಬಾರದೆ ಬೆಳಗಿನ ಜಾವ ಬೆಸೆಂಟ್ ನಗರದ ಬೀಚಿಗೆ ಹೋಗಿ ಕೂತೆ. ಸಮುದ್ರ ನನಗೇನು ಹೊಸತಲ್ಲ, ಮನೆಯಿಂದ ಅಲೆ ಸದ್ದು ಕೇಳುತ್ತೆ. ಆದರೆ ಅವತ್ತು ಸೂರ್ಯ ನೀರಿನಿಂದ ಮೇಲೆ ಬಂದ! ಹುಟ್ಟಿದಾಗಿನಿಂದ ನಾನು ನೋಡಿದ್ದು ಸೂರ್ಯ ಕಡಲಿಗೆ ಇಳಿಯೋದು ಮಾತ್ರ. ಮೂಡೋದು ಯಾವಾಗಲೂ ಘಟ್ಟದ ಹಿಂದಿನಿಂದ, ತೆಂಗಿನ ತೋಟದ ಮೇಲಿಂದ, ಅಷ್ಟು ಹೊತ್ತಿಗೆ ಬಿಸಿಲು ಏರಿರುತ್ತೆ. ಇಲ್ಲಿ ಸಿನಿಮಾ ರೀಲು ಹಿಂದಕ್ಕೆ ಓಡಿಸಿದ ಹಾಗೆ. ಭೂಗೋಳ ಪಾಠದಲ್ಲಿ ಓದಿದ್ದೇ, ಪೂರ್ವ ಕರಾವಳಿ, ಬಂಗಾಳಕೊಲ್ಲಿ, ಎಲ್ಲ ಗೊತ್ತು. ಗೊತ್ತಿರೋದು ಬೇರೆ, ಚಪ್ಪಲಿ ಬಿಟ್ಟು ಮರಳ ಮೇಲೆ ಕೂತು ಇದೇನಪ್ಪ ಅಂತ ಬಾಯಿ ತೆರೆಯೋದು ಬೇರೆ.

ಅದನ್ನ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಮ್ಮ "ಅಷ್ಟು ಹೊತ್ತಿಗೆ ಒಬ್ನೇ ಯಾಕೆ ಹೋದ್ದು, ನಿದ್ದೆ ಇಲ್ವಾ, ಊಟ ಸರಿ ಮಾಡ್ತೀಯಾ" ಅಂತ ಶುರು ಮಾಡುತ್ತಿದ್ದರು, ನನ್ನ ಸೂರ್ಯ ಅಲ್ಲೇ ಮುಳುಗಿ ಹೋಗುತ್ತಿದ್ದ. ಹೊಸ ಊರಲ್ಲಿ ನನ್ನದು ಅಂತ ಏನೂ ಇಲ್ಲದಿದ್ದಾಗ ಅದೊಂದು ನನ್ನದಾಗಿತ್ತು. ಮುಚ್ಚಿಡೋದು ಬೇರೆ, ಇಟ್ಟುಕೊಳ್ಳೋದು ಬೇರೆ ಅಲ್ವಾ ಅಕ್ಕ? ನೀವು ಅದಕ್ಕಾಗಿ ತಪ್ಪು ಮಾಡಿದವರ ಹಾಗೆ ಕೂತಿದ್ದೀರಲ್ಲ, ಅದು ಮಾತ್ರ ಬೇಡ.

— ಕುಂದಾಪುರದ ಹುಡುಗ, ಚೆನ್ನೈ

* * *

ಅಕ್ಕಾರ, ನಮ್ಮದು ಇಂಡಿ ತಾಲ್ಲೂಕು. 14 ವರ್ಷದ ಹಿಂದೆ ನಮ್ಮವರು ಸೆಂಟ್ರಿಂಗ್ ಕೆಲಸಕ್ಕೆ ಬಂದರು, ಹಿಂದಿನಿಂದ ನಾನು ಬಂದೆ. ಪುಣೆಯಲ್ಲಿ ಏಳುತ್ತಿರೋ ಬಿಲ್ಡಿಂಗುಗಳ ಹತ್ತಿರ ಹೋಗಿ ನಿಲ್ಲಿರಿ, ಕಲಬುರಗಿ, ವಿಜಯಪುರ, ಯಾದಗಿರಿ ಮಂದಿ ಮಾತು ಕೇಳಿಸ್ತದ. ಭಾಷಾ ಬರಂಗಿಲ್ಲ ಅಂತ ನೀವು ಅಮ್ಮಗ ಹೇಳ್ತೀರಿ, ನಿಮ್ಮ ಮನೆ ಕಟ್ಟಿದವರೇ ಕನ್ನಡದವರು ಇರಬಹುದು. ವಾಚ್‌ಮನ್ ಕಾಕಾನ್ನ ಒಮ್ಮೆ ಮಾತಾಡಿಸಿ ನೋಡಿರಿ.

ನಾನೀಗ ಹಡಪಸರದಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಇಲ್ಲಿ ಭಾಕ್ರಿ ಅಂತಾರೆ, ಹೆಸರು ಏನಾದರೂ ಅನ್ನಲಿ, ತಟ್ಟೋ ಕೈ ನಂದೇ. ಬಂದ ಮೊದಲ ತಿಂಗಳು ತಗಡಿನ ಶೆಡ್ಡಿನಲ್ಲಿದ್ದೆವು, ಮಳೆ ಬಂದರೆ ಮಾತು ಕೇಳಿಸುತ್ತಿರಲಿಲ್ಲ. ಆ ತಿಂಗಳೇ ಪಾಲಖಿ ಬಂತು. ಆಳಂದಿಯಿಂದ ಸಂತ ಜ್ಞಾನೋಬಾ, ದೇಹೂದಿಂದ ಸಂತ ತುಕೋಬಾ, ಎರಡೂ ಪಲ್ಲಕ್ಕಿ ಪುಣೆಯಲ್ಲಿ ಎರಡು ರಾತ್ರಿ ನಿಂತು ಆಮೇಲೆ ಪಂಢರಪುರದ ಹಾದಿ ಹಿಡಿಯುತ್ತಾವೆ. ಪಂಢರಪುರ ನಮಗೇನು ದೂರದ್ದಲ್ಲ, ನಮ್ಮ ಅಜ್ಜ ಊರಿಂದ ನಡೆದು ಹೋಗುತ್ತಿದ್ದ. ರಸ್ತೆ ಬದಿ ನಿಂತಿದ್ದೆ, ತುಳಸಿ ಕಟ್ಟೆ ತಲೆ ಮೇಲೆ ಹೊತ್ತ ಮುದುಕಿ ಒಬ್ಬಳು ನೀರು ಕೇಳಿದಳು. ಕೊಟ್ಟೆ. ಕುಡಿದು ನನ್ನ ಕಾಲಿಗೆ ಬಿದ್ದಳು! ನಾನೂ ಅವಳ ಕಾಲಿಗೆ ಬಿದ್ದೆ. ಪಂಢರಪುರಕ್ಕೆ ನಡೆದು ಹೋಗೋ ವಾರಕರಿಗಳಲ್ಲಿ ಹಂಗೇ, ದೊಡ್ಡವರು ಸಣ್ಣವರು ಅಂತಿಲ್ಲ. ಆ ಊರಲ್ಲಿ ನನ್ನ ಕಾಲು ಇದೆ ಅಂತ ನನಗೇ ಅವತ್ತು ಗೊತ್ತಾಯಿತು.

ಅವಾಗಿಂದ ಪಾಲಖಿ ಬರೋ ದಿನ ರೊಟ್ಟಿ ಮಾರಂಗಿಲ್ಲ, ಹಂಚುತ್ತೇನೆ.

— ಹಡಪಸರ, ಪುಣೆ

* * *

ನಾನು ಮನೆ ಸಾಮಾನು ಸಾಗಿಸುವ ಲಾರಿ ಓಡಿಸುವವನು, 22 ವರ್ಷ ಆಯ್ತು. ಜನ ಫ್ರಿಜ್ಜು, ಟೀವಿ, ಮದುವೆ ಆಲ್ಬಮ್ಮು ಎಲ್ಲ ನನ್ನ ಲಾರಿಗೆ ಹಾಕಿ ನಿಶ್ಚಿಂತೆಯಾಗಿ ಬಸ್ಸಲ್ಲೋ ಕಾರಲ್ಲೋ ಹೋಗ್ತಾರೆ. ತುಳಸಿ ಕುಂಡ ಮಾತ್ರ ಕೊಡಲ್ಲ, ತೊಡೆ ಮೇಲೆ ಇಟ್ಕೊಂಡು ಹೋಗ್ತಾರೆ. ಸಾಮಾನು ಇಳಿಸಿದ ಮೇಲೆ ಟೀ ಕೊಡೋಕೆ ಲೋಟ ಹುಡುಕ್ತಾರೆ ನೋಡಿ, ಆ ಹತ್ತು ನಿಮಿಷ ನೋಡೋಕೆ ಚೆಂದ. ಒಂದು ಮನೆಯಲ್ಲಿ ಸಿಕ್ಕಿದ್ದು ಪಂಚಪಾತ್ರೆ ಉದ್ಧರಣೆ, ಸ್ಟೀಲ್ ಜಗ್ಗು, ಮಗುವಿನ ಹಾಲಿನ ಬಾಟಲಿ ಅಷ್ಟೇ. ಜಗ್ಗಿನಲ್ಲಿ ಟೀ ಮಾಡಿ ಆರು ಜನ ಅದರಲ್ಲೇ ಎತ್ತಿ ಕುಡಿದೆವು. ಆ ಯಮ್ಮ ಬೆಳಿಗ್ಗೆಯಿಂದ ಅಳ್ತಾ ಇದ್ದೋರು ಅವಾಗ ನಕ್ಕರು.

11 ಡಬ್ಬಿ ಉಳಿದಿದೆ ಅಂದಿದ್ದೀರಿ. ಏನೂ ಜಾಸ್ತಿ ಅಲ್ಲ. ಎರಡನೇ ಸಲ ಮನೆ ಬದಲಾಯಿಸುವಾಗ ಮೊದಲನೇ ಸಲದ ಡಬ್ಬಿಯನ್ನ ಬಿಚ್ಚದೆ ಹಾಗೇ ಎತ್ತಿ ಕೊಟ್ಟವರನ್ನ ನೋಡಿದ್ದೀನಿ.

— ಲಾರಿ ಚಾಲಕ, ತುಮಕೂರು

* * *

ನಾನು ಗಂಡ. ನಿಮ್ಮ ಗಂಡ ಅಲ್ಲ, ಬೇರೆಯವರ ಗಂಡ. ಆದರೂ ಅವರ ಪರವಾಗಿ ನಾಲ್ಕು ಮಾತು.

ದಾವಣಗೆರೆಯಿಂದ ಮುಂಬೈಗೆ ವರ್ಗ ಆದಾಗ ಮನೆ ಹುಡುಕಿದ್ದು, ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ವಾಪಸ್ ಕೊಟ್ಟು ವೋಚರ್ ಹಿಡಿದು ಇಲ್ಲಿ ಹೊಸ ಕನೆಕ್ಷನ್ ತಗೊಂಡಿದ್ದು, 11 ತಿಂಗಳ ಕರಾರು ನೋಂದಣಿ, ಪೊಲೀಸ್ ವೆರಿಫಿಕೇಷನ್, ಎಲ್ಲ ಮಾಡಿದ್ದು ನಾನೇ. ಅದನ್ನ ಯಾರೂ ಬರೆಯಲ್ಲ, ಇರಲಿ. ನಾನು ಹೇಳಬೇಕಾಗಿದ್ದು ಬೇರೆ. ಲೋಕಲ್ ಟ್ರೇನಿನಲ್ಲಿ ಮೂರು ಜನ ಕೂರುವ ಸೀಟಿನಲ್ಲಿ ನಾಲ್ವರು ಕೂರ್ತಾರೆ. ನಾಲ್ಕನೆಯವನಿಗೆ ಸಿಗೋದು ಅರ್ಧ ಜಾಗ, ಇನ್ನರ್ಧ ಗಾಳಿಯಲ್ಲಿ. ಆ ಅರ್ಧ ಜಾಗವನ್ನೂ ಹೊಸಬರು ಕೇಳೋಕೆ ಹೆದರ್ತಾರೆ. 18 ದಿನ ನಾನು ನಿಂತೇ ಹೋದೆ. 19ನೇ ದಿನ ಯಾರೋ ಒಬ್ಬರು ಪೇಪರಿನಿಂದ ಕಣ್ಣೆತ್ತದೆ ಸ್ವಲ್ಪ ಒಳಗೆ ಸರಿದರು. ನನಗೇ ಅಂತ! ಕೂತೆ. ಒಂದು ತೊಡೆ ಮಾತ್ರ ಕೂತಿತ್ತು, ಆದರೂ ಮುಂಬೈ ನನ್ನನ್ನ ಒಳಗೆ ಸೇರಿಸಿಕೊಂಡಿತು ಅನ್ನಿಸಿ ಇಡೀ ದಿನ ಮುಖದಲ್ಲಿ ನಗು.

ಮನೆಗೆ ಬರುವಾಗ ಮಾತ್ರ ಮುಖ ಗಂಟು ಹಾಕಿಕೊಂಡೇ ಬಂದೆ. ಅವಳು ಬೆಳಿಗ್ಗೆಯಿಂದ ನಳದವನಿಗೆ ಕಾದು, ಡಬ್ಬಿ ಎಳೆದಾಡಿ ಸುಸ್ತಾಗಿದ್ದಾಳೆ, ನಾನು ಸೀಟು ಸಿಕ್ತು ಅಂತ ಕುಣಿದರೆ ಏನಾಗಬಹುದು ನೀವೇ ಹೇಳಿ. ಈ ಪತ್ರ ಬರೆಯೋಕೆ ಕೂತಾಗ ಇವತ್ತು ಹೇಳಿದೆ. "ಓಹೋ, ಅದಕ್ಕೇ ಅವತ್ತು ಮಾಟುಂಗಾದಲ್ಲಿ ಇಳಿದು ಮಲ್ಲಿಗೆ ತಂದಿದ್ದಾ, ನಾನು ಏನೋ ತಪ್ಪು ಮಾಡಿಬಂದಿದ್ದಾರೆ ಅಂದ್ಕೊಂಡಿದ್ದೆ" ಅಂದಳು.

ನಿಮ್ಮವರು ತಲೆ ಕೆಡಿಸ್ಕೋಬೇಡ ಅಂದಿದ್ದು ಸಮಾಧಾನಕ್ಕೆ ಇರಬಹುದು. ಅವರ ಹತ್ತಿರವೂ ಹೇಳದೆ ಉಳಿದದ್ದು ಏನೋ ಇರುತ್ತೆ, ಕೇಳಿ ನೋಡಿ.

— ಮುಲುಂಡ್, ಮುಂಬೈ

* * *

ಪುರಂದರದಾಸರು ಪುಣೆ ಹತ್ತಿರದ ಪುರಂದರಗಡದವರು ಅನ್ನೋದು ಬಹಳ ಕಾಲದ ನಂಬಿಕೆ. ಅಲ್ಲ, ನಿಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆಯವರು ಅನ್ನೋದು ಈಚಿನ ಕೆಲವು ವಿದ್ವಾಂಸರ ವಾದ. ಎರಡೂ ಊರಿನವರು ನಮ್ಮವರು ಅಂತಾರೆ. ನೀವು ಆ ಜಗಳದ ಎರಡೂ ಪಕ್ಷಕ್ಕೆ ಸೇರಿದ ಹಾಗಾಯ್ತು. ಗಡಕ್ಕೆ ಒಮ್ಮೆ ಹೋಗಿ ಬನ್ನಿ, ಮಳೆಗಾಲದಲ್ಲಿ ಮೋಡ ಕೈಗೆ ಸಿಗುತ್ತೆ.

— ನಿವೃತ್ತ ಮೇಷ್ಟ್ರು, ಶಿವಮೊಗ್ಗ

* * *

ನಿನ್ನ ವಯಸ್ಸಿನ ಮಗಳಿದಾಳೆ ನಂಗೆ, ಹಾಗಾಗಿ ಏಕವಚನದಲ್ಲೇ ಬರೀತೀನಿ ಮಾರಾಯ್ತಿ.

ಅವಳು ಹೈದರಾಬಾದಿಗೆ ಹೋಗಿ ನಾಲ್ಕು ವರ್ಷ. ಹೋದ ಹೊಸದರಲ್ಲಿ ದಿನಾ ರಾತ್ರಿ ಫೋನು. ನಮ್ಮ ಕಡೆ ಸಿಗ್ನಲ್ ಕತೆ ನಿಂಗೆ ಹೇಳಬೇಕಾ? ಮಳೆ ಹಿಡಿದರೆ ಕರೆಂಟೂ ಇಲ್ಲ, ಟವರೂ ಇಲ್ಲ. ನಮ್ಮ ಮನೆಯಲ್ಲಿ ಜಗುಲಿಯ ಬಲಗಡೆ ಕಂಬದ ಹತ್ತಿರ, ಗೋಡೆಗೆ ಬೆನ್ನು ಕೊಟ್ಟು, ಮುಖ ತೋಟದ ಕಡೆ ತಿರುಗಿಸಿ ನಿಂತರೆ ಎರಡು ಕಡ್ಡಿ ಬರುತ್ತೆ. ಸ್ವಲ್ಪ ಅಲ್ಲಾಡಿದರೂ ಹೋಯ್ತು. ಹಾಗೆ ಎರಚಲು ಮಳೆಯಲ್ಲಿ, ಸೊಳ್ಳೆ ಕಚ್ಚಿಸ್ಕೊಂಡು, ಮುಕ್ಕಾಲು ಗಂಟೆ ನಿಂತು ನಾನು ಕೇಳ್ತಿದ್ದದ್ದು ಏನು? ನೀರು ಗಡಸು, ಕೂದಲು ಉದುರ್ತಿದೆ, ಹಾಲು ನೀರು ನೀರು. ಫೋನ್ ಇಟ್ಟು ಒಳಗೆ ಬಂದರೆ ನಿದ್ದೆ ಇಲ್ಲ. ಮಗು ಅಲ್ಲಿ ಕಷ್ಟಪಡ್ತಿದೆ ಅಂತ. ಅಲ್ಲ, ಅಷ್ಟು ಒದ್ದಾಡಿ ಕೇಳೋಕೆ ಹೈದರಾಬಾದಿನ ನಳದ ನೀರಿನ ವಿಷಯನೇ ಆಗಬೇಕಾ?

ಆದರೆ ನಿಜ ಹೇಳ್ತೀನಿ, ನಾನೂ ಏನು ಕಡಿಮೆ ಇರಲಿಲ್ಲ. ಅವಳು "ಹೇಗಿದ್ದೀಯಮ್ಮ" ಅಂದರೆ "ಏನ್ ಮಾಡೋದು, ಮನೆ ಬಿಕೋ ಅಂತಿದೆ" ಅಂತಿದ್ದೆ. ಬಿಕೋ ಅಂತಿದ್ದದ್ದು ಹೌದು. ಆದರೆ ಅಷ್ಟೇ ಅಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ಹೊತ್ತು ಗಂಜಿ ಬೇಯಿಸಿ, ಕೆಂಡದಲ್ಲಿ ಹಪ್ಪಳ ಸುಟ್ಟುಕೊಂಡು, ಬಾಳೆ ಎಲೆ ಕೂಡ ಹಾಕದೆ ಪಾತ್ರೆಯಲ್ಲೇ ಊಟ ಮಾಡಿ ಮಲಗಿದೆ. ಯಾರೂ ಹುಳಿ ಎಲ್ಲಿ, ಪಲ್ಯ ಎಲ್ಲಿ ಅನ್ನಲಿಲ್ಲ. ಪಕ್ಕದೂರಲ್ಲಿ ತಾಳಮದ್ದಲೆ ಇತ್ತು, ಕೊಡೆ ಹಿಡ್ಕೊಂಡು ಹೋಗಿ ಬೆಳಗಿನವರೆಗೆ ಕೂತು ಕೇಳಿದೆ, ಕೃಷ್ಣ ಸಂಧಾನ, ಕೌರವನ ಅರ್ಥ ಹೇಳಿದವರು ಎಂಥ ಮಾತುಗಾರರು ಅಂತೀಯ! ಮಾರನೇ ದಿನ ಹನ್ನೊಂದು ಗಂಟೆಗೆ ಎದ್ದೆ. ಹನ್ನೊಂದು! ಇದನ್ನ ಮಗಳಿಗೆ ಹೇಳಲಿಲ್ಲ. ನಾನಿಲ್ಲದೆ ಅಮ್ಮ ಎಷ್ಟು ಆರಾಮಾಗಿದ್ದಾಳೆ ಅಂದ್ಕೊಂಡರೆ?

ಹೀಗೆ ಅವಳು ಅಲ್ಲಿಂದ ದುಃಖ, ನಾನು ಇಲ್ಲಿಂದ ದುಃಖ, ಎರಡು ತಿಂಗಳು ಒಬ್ಬರಿಗೊಬ್ಬರು ಬಡಿಸ್ಕೊಂಡೆವು. ಬಯಲು ಮಾಡಿದ್ದು ಮೊಮ್ಮಗ. ಒಂದು ದಿನ ಫೋನ್ ಕಿತ್ಕೊಂಡು, "ಅಜ್ಜೀ, ಅಮ್ಮ ಇವತ್ತು ಟೆರೇಸಲ್ಲಿ ಗಾಳಿಪಟ ಹಾರಿಸಿದ್ಲು, ಬಿದ್ಲು" ಅಂದ. ಆ ಕಡೆ ಸದ್ದೇ ಇಲ್ಲ. ನಂಗೆ ಎಷ್ಟು ನಗು ಬಂತು ಅಂದರೆ ಕಂಬ ಬಿಟ್ಟೆ, ಸಿಗ್ನಲ್ ಹೋಯ್ತು. ಅವಳು ನಂಗೆ ಸಿಟ್ಟು ಬಂದು ಇಟ್ಟೆ ಅಂದ್ಕೊಂಡು ರಾತ್ರಿಯೆಲ್ಲ ಒದ್ದಾಡಿದಾಳೆ. ಬೆಳಿಗ್ಗೆ ಮಾತಾಡಿದಾಗ ನಾನೂ ಗಂಜಿ ಹಪ್ಪಳದ ವಿಷಯ ಬಾಯಿಬಿಟ್ಟೆ. ಹನ್ನೊಂದು ಗಂಟೆಗೆ ಎದ್ದದ್ದಕ್ಕೆ ಬೈಸ್ಕೊಂಡೆ.

ನಿನ್ನಮ್ಮ ಏನು ಮುಚ್ಚಿಟ್ಟಿದಾಳೋ ನಂಗೆ ಗೊತ್ತಿಲ್ಲ. ಏನಾದರೂ ಇದ್ದೇ ಇರುತ್ತೆ. ನೀನು ಮೊದಲು ಹೇಳು, ಆಮೇಲೆ ಅವಳೂ ಹೇಳಬಹುದು. ಖುಷಿಯಾಗಿದ್ದೀನಿ ಅಂತ ದೊಡ್ಡದಾಗಿ ಏನೂ ಹೇಳೋದು ಬೇಡ. ಅಡಿಗೆಮನೆ ಕಿಟಕಿಯಿಂದ ಗುಡ್ಡ ಕಾಣುತ್ತೆ ಅಂದೆಯಲ್ಲ, ಅದು ಎಷ್ಟು ದೂರ, ಮರ ಇದೆಯೋ ಬರೀ ಹುಲ್ಲೋ, ಮಳೆ ಯಾವ ದಿಕ್ಕಿಂದ ಬರುತ್ತೆ, ಅದು ಹೇಳು. ನೀನು ಪಾತ್ರೆ ತೊಳೀತಾ ಏನು ನೋಡ್ತೀಯ ಅಂತ ಗೊತ್ತಿದ್ದರೆ ನಮಗೆ ಇಲ್ಲಿ ಅಡಿಗೆ ಮಾಡ್ತಾ ನಿನ್ನ ನೆನೆಸ್ಕೊಳ್ಳೋಕೆ ಸುಲಭ.

ಮತ್ತೆ, ಆ 11 ಡಬ್ಬಿಯಲ್ಲಿ ಯಾವುದರಲ್ಲಾದರೂ ಮಿಡಿ ಉಪ್ಪಿನಕಾಯಿ ಜಾಡಿ ಇದ್ದರೆ ಅದನ್ನ ಇವತ್ತೇ ತೆಗಿ. ಒದ್ದೆ ಚಮಚ ಮಾತ್ರ ಹಾಕಬೇಡ.

— ಕೊಪ್ಪ ಕಡೆಯ ಅಮ್ಮ